ದ್ವಾರಪಾಲಕ

ಒಂದೇ ಗಣಕಯಂತ್ರವನ್ನು ಹಲವರು ಬಳಸುವ ಕಡೆ ಎರಡು ಪ್ರಶ್ನೆಗಳು ಏಳುವುದು ಸಹಜ. ಒಬ್ಬನ ಕಡತಗಳನ್ನು ಮತ್ತೊಬ್ಬನಿಂದ ಕಾಪಾಡುವುದು ಹೇಗೆ? ಪ್ರತಿಯೊಬ್ಬನಿಗೂ ಅವನ ಅಭ್ಯಾಸಕ್ಕೆ ಒಪ್ಪುವ ಪರದೆಯನ್ನು ಒದಗಿಸುವುದು ಹೇಗೆ?

ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1969ರಲ್ಲಿ ಹುಟ್ಟಿ ಬೆಳೆದ ಯೂನಿಕ್ಸ್ ವ್ಯವಸ್ಥೆಯು ಮೊದಲನೆಯ ಪ್ರಶ್ನೆಗೆ ತನ್ನದೇ ಉತ್ತರವನ್ನು ನೀಡಿತು. ಹೆಸರು ಮತ್ತು ಗುಪ್ತಪದವನ್ನು ಸರಿಯಾಗಿ ಕೊಟ್ಟವನಿಗೆ ಪ್ರವೇಶ. ಒಳಬಂದವನಿಗೆ ಅವನದೇ ಆದ ಕಡತಗಳ ಮನೆ. ಆದರೆ ಅಂದು ಬಳಕೆದಾರನ ಎದುರಿಗೆ ಇದ್ದುದು ಅಕ್ಷರಗಳ ಸಾಲುಗಳು ಮಾತ್ರ.

ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯು 1983ರಲ್ಲಿ ಅಥೀನಾ ಯೋಜನೆಯನ್ನು ಆರಂಭಿಸಿತು. ವಿದ್ಯಾರ್ಥಿಯು ಆವರಣದ ಯಾವ ಗಣಕದ ಮುಂದೆ ಕುಳಿತರೂ ಅವನ ಕಡತಗಳು ಅವನಿಗೆ ದೊರೆಯಬೇಕೆಂಬುದು ಅದರ ಆಶಯ. ಅಲ್ಲಿಯೇ 1984ರಲ್ಲಿ ಎಕ್ಸ್ ವಿಂಡೋ ವ್ಯವಸ್ಥೆಯು ರೂಪುಗೊಂಡಿತು. ಅದು ಪರದೆಯ ಮೇಲೆ ಕಿಟಕಿಗಳನ್ನು ಮೂಡಿಸುವ ಸಾಧನವನ್ನಷ್ಟೇ ಒದಗಿಸಿತು. ಅವುಗಳ ಅಂಚು ಹೇಗಿರಬೇಕು, ಅವು ಎಲ್ಲಿ ನಿಲ್ಲಬೇಕು ಎಂಬುದನ್ನು ವಿಂಡೋ ಮ್ಯಾನೇಜರ್ ಎಂಬ ಬೇರೊಂದು ಕ್ರಮವಿಧಿಗೆ ಬಿಟ್ಟಿತು. ಅದನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಬಳಕೆದಾರನದಾಯಿತು.

1988ರಲ್ಲಿ ಬಂದ ಎಕ್ಸ್‌ಡಿಎಂ ಎಂಬ ಕ್ರಮವಿಧಿಯು ಈ ಮನೆಯ ದ್ವಾರಪಾಲಕನಾಯಿತು. ಅದು ಗುಪ್ತಪದವನ್ನು ಪರೀಕ್ಷಿಸಿದ ಬಳಿಕ ಬಳಕೆದಾರನ ಮನೆಯಲ್ಲಿ 'ಡಾಟ್ ಎಕ್ಸ್‌ಸೆಷನ್' ಎಂಬ ಕಡತವನ್ನು ಹುಡುಕುತ್ತದೆ. ಇದ್ದರೆ ಅದರಲ್ಲಿರುವ ಆಜ್ಞೆಗಳನ್ನು ಒಂದೊಂದಾಗಿ ನಡೆಸುತ್ತದೆ. ಗಡಿಯಾರ ಮೊದಲಾದವುಗಳ ಆಜ್ಞೆಯ ಕೊನೆಗೆ '&' ಚಿಹ್ನೆಯನ್ನು ಬರೆಯಬೇಕು. ಆಗ ಅವು ಹಿನ್ನೆಲೆಯಲ್ಲಿ ನಡೆಯುತ್ತಿರಲು, ಮುಂದಿನ ಆಜ್ಞೆಗೆ ದಾರಿಯಾಗುತ್ತದೆ. ಕೊನೆಯ ಸಾಲಿನಲ್ಲಿ ಸಾಮಾನ್ಯವಾಗಿ ವಿಂಡೋ ಮ್ಯಾನೇಜರ್ ಇರುತ್ತದೆ. ಅದಕ್ಕೆ ಈ ಚಿಹ್ನೆ ಕೂಡದು.

ಏಕೆಂದರೆ ಈ ಕಡತದ ಕೆಲಸ ಮುಗಿಯಿತೆಂದರೆ ಸೆಷನ್ ಕೂಡ ಮುಗಿಯಿತು. ಕೊನೆಯ ಆಜ್ಞೆಯೂ ಹಿನ್ನೆಲೆಗೆ ಸರಿದರೆ ಕಡತವು ಕ್ಷಣದಲ್ಲಿ ಮುಗಿದುಹೋಗುತ್ತದೆ. ಬಳಕೆದಾರನು ಹೊರಟುಹೋದನೆಂದು ಬಗೆದು ದ್ವಾರಪಾಲಕನು ಮತ್ತೆ ಹೆಸರನ್ನು ಕೇಳುತ್ತಾನೆ. ಗುಪ್ತಪದ ಸರಿಯಾಗಿದ್ದರೂ ತನ್ನ ಮನೆಯ ಬಾಗಿಲಲ್ಲಿ ತಾನೇ ನಿಲ್ಲಬೇಕಾದ ಸ್ಥಿತಿ ಅದು! ಗುಪ್ತಪದವನ್ನು ಎಷ್ಟು ಸಲ ಒತ್ತಿದರೂ ಫಲವಿಲ್ಲ. ದೋಷವಿರುವುದು ಅವನೇ ಬರೆದ ಕಡತದಲ್ಲಿ.

ಇದಕ್ಕೆ ಪರಿಹಾರವೂ ಉಂಟು. ಲಿನಕ್ಸ್ ಗಣಕಗಳಲ್ಲಿ ಸಾಮಾನ್ಯವಾಗಿ ಕಂಟ್ರೋಲ್, ಆಲ್ಟ್ ಮತ್ತು ಎಫ್3 ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಹಳೆಯ ಅಕ್ಷರಗಳ ಪರದೆ ತೆರೆಯುತ್ತದೆ. ಚಿತ್ರಗಳ ಬಾಗಿಲು ಮುಚ್ಚಿದರೂ ಈ ಹಿಂಬಾಗಿಲಿನಿಂದ ಒಳಹೊಕ್ಕು ಕಡತವನ್ನು ತಿದ್ದಬಹುದು.

ಮುಂದೆ ಪ್ರವೇಶದ ಪರದೆಯಲ್ಲೇ ಸೆಷನ್‌ಗಳ ಪಟ್ಟಿಯನ್ನು ತೋರಿಸುವ ಕ್ರಮವು ಬಂದಿತು. ಪಟ್ಟಿಯ ಒಂದೊಂದು ಹೆಸರಿಗೂ 'ಎಕ್ಸ್‌ಸೆಷನ್ಸ್' ಎಂಬ ಕೋಶದಲ್ಲಿ ಒಂದೊಂದು ಸಣ್ಣ ಕಡತವಿರುತ್ತದೆ. ಪಟ್ಟಿಯಲ್ಲಿ ಕಾಣಬೇಕಾದ ಹೆಸರನ್ನು ಅದರ ಒಂದು ಸಾಲು ತಿಳಿಸಿದರೆ, ನಡೆಸಬೇಕಾದ ಆಜ್ಞೆಯನ್ನು ಇನ್ನೊಂದು ಸಾಲು ತಿಳಿಸುತ್ತದೆ. 2008ರಲ್ಲಿ ಆರಂಭವಾದ ವೇಲ್ಯಾಂಡ್ ವ್ಯವಸ್ಥೆಯ ಸೆಷನ್‌ಗಳಿಗೆ ಬೇರೆ ಕೋಶವಿದೆ. ಇಂಥ ಕೋಶಗಳು ಎಲ್ಲರಿಗೂ ಸೇರಿದವು. ಆದ್ದರಿಂದ ಅವುಗಳಲ್ಲಿ ಬರೆಯುವ ಅಧಿಕಾರ ಗಣಕದ ಮೇಲ್ವಿಚಾರಕನಿಗೆ ಮಾತ್ರ. ತನ್ನ ಮನೆಯ ಕಡತವನ್ನಾದರೋ ಬಳಕೆದಾರನು ತನಗೆ ಬೇಕಾದಂತೆ ಬದಲಿಸಬಹುದು. ಅದರಲ್ಲಿ ತಪ್ಪಾದರೆ ತೊಂದರೆ ಅವನೊಬ್ಬನಿಗೇ ಹೊರತು ನೆರೆಯವನಿಗಲ್ಲ.

ಬದಲಿಸುವ ಮುನ್ನ ಹಳೆಯ ಕಡತದ ಪ್ರತಿಯೊಂದನ್ನು ತೆಗೆದಿರಿಸುವುದು ಜಾಣತನ. ಸ್ವಾತಂತ್ರ್ಯವು ದೊರೆತಲ್ಲಿ ಎಚ್ಚರವೂ ಜೊತೆಗಿರಬೇಕು.

ಅಭ್ಯಾಸ

1. ವಿಂಡೋ ಮ್ಯಾನೇಜರಿನ ಕೆಲಸವೇನು?
2. ಗುಪ್ತಪದ ಸರಿಯಿದ್ದರೂ ಬಳಕೆದಾರನು ಬಾಗಿಲಲ್ಲೇ ಉಳಿಯುವುದು ಯಾವಾಗ? ಕಾರಣವನ್ನು ವಿವರಿಸಿ.
3. ಎಲ್ಲರಿಗೂ ಸೇರಿದ ಕೋಶದಲ್ಲಿ ಬರೆಯುವ ಅಧಿಕಾರವು ಎಲ್ಲರಿಗೂ ಇದ್ದರೆ ಏನಾಗಬಹುದು? ಚರ್ಚಿಸಿ.