ವೀಲ್‌ಚೇರ್ ರೇಸಿಂಗ್: ಚೇರ್ ಕೊಳ್ಳುವ ಮುನ್ನ

ವೀಲ್‌ಚೇರ್ ರೇಸಿಂಗ್ ಕಲಿಯಬೇಕು ಎಂದು ಬರುವವರು, ಅವರ ಜೊತೆ ಬರುವ ಅಪ್ಪ ಅಮ್ಮಂದಿರು ಮೊದಲು ಕೇಳುವುದು ಚೇರ್‌ನ ಬೆಲೆಯನ್ನು. ಕೇಳುವುದರಲ್ಲಿ ತಪ್ಪಿಲ್ಲ. ಹೊರದೇಶದಿಂದ ತರಿಸುವ ಹೊಸ ರೇಸಿಂಗ್ ಚೇರ್ ಲಕ್ಷಗಳ ಬಾಬತ್ತು. ಮನೆಯವರೆಲ್ಲ ಕೂತು ಲೆಕ್ಕ ಹಾಕಲೇಬೇಕಾದ ವಿಷಯ. ಆದರೆ ನಾನು ಎಲ್ಲರಿಗೂ ಹೇಳುವುದು ಒಂದೇ: ಮೊದಲ ಚೇರ್ ಕೊಳ್ಳಬೇಡಿ. ಎರವಲು ತನ್ನಿ, ಹಳೆಯದು ಹುಡುಕಿ, ಯಾರದಾದರೂ ಚೇರ್‌ನಲ್ಲಿ ಕೂತು ನೋಡಿ. ನಿಮ್ಮ ಮೈಗೆ ಯಾವ ಅಳತೆ ಒಗ್ಗುತ್ತದೆ, ಮೊಣಕಾಲೂರಿ ಕೂರಲು ಆಗುತ್ತದೋ ಇಲ್ಲವೋ, ಭುಜ ಎಷ್ಟು ತಾಳುತ್ತದೆ ಎಂಬುದು ತಿಳಿಯುವ ಮುಂಚೆಯೇ ದುಡ್ಡು ಸುರಿದು ತರಿಸಿದ ಚೇರ್ ಮನೆಯ ಮೂಲೆ ಸೇರುವುದೇ ಹೆಚ್ಚು.

ಮೊದಲು ಈ ಆಟ ಯಾವುದು ಎಂಬುದನ್ನು ಸ್ಪಷ್ಟ ಮಾಡಿಕೊಳ್ಳೋಣ. ನಮ್ಮ ಊರುಗಳಲ್ಲಿ ಪೆಡಲನ್ನು ಕೈಯಿಂದ ತಿರುಗಿಸಿಕೊಂಡು ಹೋಗುವ ಮೂರು ಗಾಲಿಯ ಸೈಕಲ್ಲು ಎಲ್ಲರಿಗೂ ಗೊತ್ತು. ಅದರ ಕ್ರೀಡಾರೂಪ ಹ್ಯಾಂಡ್‌ಸೈಕಲ್. ಅದಕ್ಕೆ ಚೈನು, ಗೇರು ಇರುತ್ತವೆ, ಮತ್ತು ಅದು ಸೈಕ್ಲಿಂಗ್ ಸ್ಪರ್ಧೆಗೆ ಸೇರಿದ್ದು. ರೇಸಿಂಗ್ ವೀಲ್‌ಚೇರ್‌ನಲ್ಲಿ ಚೈನಿಲ್ಲ, ಗೇರಿಲ್ಲ, ಲಿವರಿನಿಂದ ತಳ್ಳುವಂತಿಲ್ಲ. ಗಾಲಿಗೆ ಅಂಟಿಕೊಂಡ ರಿಮ್ಮನ್ನು ಕೈಯಿಂದ ಹೊಡೆದು ಓಡಿಸಬೇಕು, ಅಷ್ಟೇ. ಹಿಂದೆ ಎರಡು ದೊಡ್ಡ ಗಾಲಿ, ಉದ್ದನೆಯ ಫ್ರೇಮಿನ ತುದಿಯಲ್ಲಿ ಒಂದು ಸಣ್ಣ ಗಾಲಿ. ವಿಶ್ವ ಪ್ಯಾರಾ ಅಥ್ಲೆಟಿಕ್ಸ್ ನಿಯಮದ ಪ್ರಕಾರ ಗಾಳಿ ತುಂಬಿದ ಟೈರೂ ಸೇರಿ ದೊಡ್ಡ ಗಾಲಿಯ ವ್ಯಾಸ 70 ಸೆಂ.ಮೀ., ಸಣ್ಣದರದ್ದು 50 ಸೆಂ.ಮೀ. ಮೀರುವಂತಿಲ್ಲ. ಪ್ರತಿ ದೊಡ್ಡ ಗಾಲಿಗೆ ಒಂದೇ ರಿಮ್. ಓಡುವಾಗ ಕಾಲು ನೆಲಕ್ಕೆ ತಾಗಬಾರದು.

ಈ ಆಟ ಬೆಳೆದ ದಾರಿಯನ್ನು ತಿಳಿಯಲು ಬಾಸ್ಟನ್ ಮ್ಯಾರಥಾನ್ ಒಂದನ್ನು ನೋಡಿದರೂ ಸಾಕು. 1975ರಲ್ಲಿ ಬಾಬ್ ಹಾಲ್ ಎಂಬ ಯುವಕ ವೀಲ್‌ಚೇರ್‌ನಲ್ಲಿ ಸ್ಪರ್ಧಿಸಲು ಅನುಮತಿ ಕೇಳಿದ. ಮೂರು ಗಂಟೆಯೊಳಗೆ ಮುಗಿಸಿದರೆ ಉಳಿದ ಓಟಗಾರರಂತೆ ಪ್ರಮಾಣಪತ್ರ ಕೊಡುತ್ತೇವೆ ಎಂದರು ಸಂಘಟಕರು. ಆತ 2 ಗಂಟೆ 58 ನಿಮಿಷಕ್ಕೆ ಗುರಿ ಮುಟ್ಟಿದ. ಮುಂದೆ ಆತನೇ ರೇಸಿಂಗ್ ಚೇರ್‌ಗಳನ್ನು ತಯಾರಿಸತೊಡಗಿದ. 2024ರಲ್ಲಿ ಅದೇ ಬಾಸ್ಟನ್ನಿನಲ್ಲಿ ಸ್ವಿಟ್ಜರ್ಲೆಂಡಿನ ಮಾರ್ಸೆಲ್ ಹಗ್ ತೆಗೆದುಕೊಂಡ ಸಮಯ 1 ಗಂಟೆ 15 ನಿಮಿಷ 33 ಸೆಕೆಂಡು. ಅಂದರೆ ಗಂಟೆಗೆ ಸರಾಸರಿ 33 ಕಿ.ಮೀ.ಗೂ ಹೆಚ್ಚು ವೇಗ. ಚೇರ್ ಸುಧಾರಿಸಿದ್ದೂ ನಿಜ, ತಳ್ಳುವ ವಿದ್ಯೆ ಸುಧಾರಿಸಿದ್ದೂ ನಿಜ. ನಮ್ಮವರನ್ನೂ ಮರೆಯುವಂತಿಲ್ಲ. ಬೆಂಗಳೂರಿನ ಮಾಲತಿ ಹೊಳ್ಳ ಎಳವೆಯಲ್ಲೇ ಪೋಲಿಯೊಗೆ ತುತ್ತಾದವರು. ವೀಲ್‌ಚೇರ್ ಓಟದಲ್ಲೂ ಎಸೆತದ ಸ್ಪರ್ಧೆಗಳಲ್ಲೂ ಹೆಸರು ಮಾಡಿ, 1988ರ ಸೋಲ್ ಪ್ಯಾರಾಲಿಂಪಿಕ್ಸ್‌ವರೆಗೆ ಹೋದರು. ಅರ್ಜುನ ಪ್ರಶಸ್ತಿಯೂ 2001ರಲ್ಲಿ ಪದ್ಮಶ್ರೀಯೂ ಅವರಿಗೆ ಸಂದವು.

ಇನ್ನು ವರ್ಗದ ವಿಷಯ. ಟಿ-51ರಿಂದ ಟಿ-54ರವರೆಗಿನ ವರ್ಗಗಳು ಬೆನ್ನುಹುರಿಯ ಪೆಟ್ಟು, ಪೋಲಿಯೊ, ಕಾಲು ಕಳೆದುಕೊಂಡಿರುವುದು ಮುಂತಾದ ಕಾರಣಗಳಿಂದ ಕುಳಿತು ಓಡುವವರಿಗೆ. 51 ಮತ್ತು 52ರಲ್ಲಿ ಕೈಗಳ ಶಕ್ತಿಯೂ ಕುಂದಿರುತ್ತದೆ. 53ರಲ್ಲಿ ಕೈ ಪೂರ್ತಿ ಚೆನ್ನಾಗಿದ್ದು ಹೊಟ್ಟೆ, ಬೆನ್ನಿನ ಹಿಡಿತ ಇರುವುದಿಲ್ಲ ಅಥವಾ ತೀರಾ ಕಡಿಮೆ. 54ರಲ್ಲಿ ಅದೂ ಸ್ವಲ್ಪಮಟ್ಟಿಗೆ ಅಥವಾ ಪೂರ್ತಿ ಇರುತ್ತದೆ. ಸೆರೆಬ್ರಲ್ ಪಾಲ್ಸಿಯಂಥ ತೊಂದರೆ ಇರುವವರಿಗೆ ಟಿ-32ರಿಂದ ಟಿ-34. ‘ನನ್ನದು 75 ಪರ್ಸೆಂಟ್’ ಎಂದು ಅಂಗವೈಕಲ್ಯದ ಗುರುತಿನ ಯುಡಿಐಡಿ ಕಾರ್ಡ್ ತೋರಿಸುವವರು ಬಹಳ. ಆ ಶೇಕಡಾ ಸರ್ಕಾರದ ಸೌಲಭ್ಯಗಳಿಗೆ. ಓಟದ ವರ್ಗವನ್ನು ನಿರ್ಧರಿಸುವವರು ತರಬೇತಾದ ವರ್ಗೀಕರಣಕಾರರು. ನಿಮ್ಮ ಯಾವ ಸ್ನಾಯು ಎಷ್ಟು ಕೆಲಸ ಮಾಡುತ್ತದೆ ಎಂಬುದನ್ನು ಅವರು ಮುಟ್ಟಿ ನೋಡಿ ಹೇಳುತ್ತಾರೆ. ಆರಂಭದಲ್ಲಿ ಇದಕ್ಕಾಗಿ ತಲೆ ಕೆಡಿಸಿಕೊಳ್ಳುವುದು ಬೇಡ. ಬೆನ್ನಿನ ಹಿಡಿತ ಎಷ್ಟಿದೆ ಎಂಬುದು ಮಾತ್ರ ನಿಮಗೆ ಗೊತ್ತಿರಲಿ, ಏಕೆಂದರೆ ಚೇರ್‌ನಲ್ಲಿ ಕೂರುವ ಭಂಗಿ ಅದನ್ನೇ ಅವಲಂಬಿಸಿದೆ.

ಮೊದಲ ಕೆಲವು ವಾರ ನಿಮ್ಮ ದಿನಬಳಕೆಯ ವೀಲ್‌ಚೇರೇ ಸಾಕು. ಸಮತಟ್ಟಾದ ಜಾಗ ನೋಡಿಕೊಂಡು ವಾರಕ್ಕೆ ಮೂರು ದಿನ, ಅರ್ಧ ಗಂಟೆಯೊಳಗೆ ಮುಗಿಯುವಷ್ಟು ತಳ್ಳಿ. ಇದರಿಂದ ಭುಜ ಹದಕ್ಕೆ ಬರುತ್ತದೆ. ತಳ್ಳುವ ಕೆಲಸ ಎದೆಯ ಕಡೆಯ ಸ್ನಾಯುಗಳನ್ನೇ ಬೆಳೆಸುತ್ತ ಹೋಗುವುದರಿಂದ ರಬ್ಬರ್ ಬ್ಯಾಂಡನ್ನು ಕಿಟಕಿಯ ಸರಳಿಗೆ ಕಟ್ಟಿ ಹಿಂದಕ್ಕೆ ಎಳೆಯುವ ವ್ಯಾಯಾಮವನ್ನು ಅಂದಿನಿಂದಲೇ ಶುರು ಮಾಡಿ. ಇದನ್ನು ಬಿಟ್ಟವರು ಒಂದಲ್ಲ ಒಂದು ದಿನ ಭುಜದ ನೋವು ಎಂದು ಕೂರುತ್ತಾರೆ. ನಮಗೆ ಭುಜ ಹೋದರೆ ಓಟ ನಿಲ್ಲುವುದಷ್ಟೇ ಅಲ್ಲ, ಹಾಸಿಗೆಯಿಂದ ಚೇರ್‌ಗೆ ಇಳಿಯುವುದೂ ಕಷ್ಟವಾಗುತ್ತದೆ.

ದುಡ್ಡು ಖರ್ಚು ಮಾಡಲೇಬೇಕೆಂದರೆ ಮೊದಲು ಗ್ಲೌಸ್‌ಗೆ ಮಾಡಿ. ರೇಸಿಂಗ್ ಗ್ಲೌಸ್‌ನಲ್ಲಿ ಎರಡು ಬಗೆ. ಮೆತ್ತನೆಯದು ಚರ್ಮದ್ದು, ಮುಷ್ಟಿ ಮಡಚಿ ಹಾಕಿಕೊಂಡು ವೆಲ್ಕ್ರೋ ಪಟ್ಟಿಯಿಂದ ಬಿಗಿಯುವುದು, ಹೆಬ್ಬೆರಳು ಮತ್ತು ತೋರುಬೆರಳ ಗೆಣ್ಣುಗಳ ಜಾಗದಲ್ಲಿ ದಪ್ಪ ರಬ್ಬರ್ ಇರುತ್ತದೆ. ಗಟ್ಟಿಯದು ಪ್ಲಾಸ್ಟಿಕ್ಕಿನದು, ಅವರವರ ಮುಷ್ಟಿಯ ಅಚ್ಚಿಗೆ ಸರಿಯಾಗಿ ಮಾಡಿದ್ದು. ಇದು ಹಗುರ, ಬಾಳಿಕೆ ಹೆಚ್ಚು, ಹೊಡೆತದ ಬಲ ಸೋರಿ ಹೋಗುವುದಿಲ್ಲ. ಹೊಸಬರಿಗೆ ಮೆತ್ತನೆಯದೇ ವಾಸಿ, ಏಕೆಂದರೆ ಕೈ ಎಲ್ಲಿ ತಗಲಬೇಕು ಎಂಬುದು ಇನ್ನೂ ನಿಶ್ಚಯವಾಗಿರುವುದಿಲ್ಲ. ಹೊಡೆತ ಕೂತ ಮೇಲೆ ಗಟ್ಟಿಯದಕ್ಕೆ ಹೋಗಬಹುದು. ಅದನ್ನು ಹೊರಗಿನಿಂದಲೇ ತರಿಸಬೇಕೆಂದಿಲ್ಲ. ಆಸ್ಪತ್ರೆಗಳಲ್ಲಿ ಕೈಗೆ ಸ್ಪ್ಲಿಂಟ್ ಮಾಡುವ ಆಕ್ಯುಪೇಷನಲ್ ಥೆರಪಿಸ್ಟ್‌ಗಳ ಬಳಿ ಬಿಸಿನೀರಿನಲ್ಲಿ ಮೆದುವಾಗುವ ಪ್ಲಾಸ್ಟಿಕ್ ಹಾಳೆ ಇರುತ್ತದೆ. ಅದನ್ನು ಮುಷ್ಟಿಗೆ ಒತ್ತಿ ಆಕಾರ ತೆಗೆದು, ರಿಮ್ಮಿಗೆ ತಗಲುವ ಕಡೆ ರಬ್ಬರ್ ತುಂಡು ಅಂಟಿಸಿದರೆ ಕೆಲಸಕ್ಕೆ ಬರುತ್ತದೆ. ಬೆರಳುಗಳಲ್ಲಿ ಸ್ಪರ್ಶವಿಲ್ಲದವರು ಮಾತ್ರ ಬಿಸಿ ಪ್ಲಾಸ್ಟಿಕ್ಕಿನ ಹತ್ತಿರ ಒಬ್ಬರೇ ಹೋಗಬಾರದು.

ಈಗ ಚೇರ್. ಕೂರುವ ಕ್ರಮದಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಮೊಣಕಾಲು ಮಡಚಿ, ಕಣಕಾಲನ್ನು ತಟ್ಟೆಯ ಮೇಲಿಟ್ಟು, ಎದೆಯನ್ನು ತೊಡೆಯ ಕಡೆಗೆ ಬಾಗಿಸಿ ಕೂರುವುದು. ಬೆನ್ನಿನ ಹಿಡಿತ ಇದ್ದು ಮೊಣಕಾಲು ಸರಾಗವಾಗಿ ಮಡಚುವವರಿಗೆ ಇದು ಒಳ್ಳೆಯದು. ಮೈಭಾರವನ್ನೂ ಹೊಡೆತಕ್ಕೆ ಸೇರಿಸಬಹುದು. ಇನ್ನೊಂದು, ಬುಟ್ಟಿಯಂಥ ಸೀಟಿನಲ್ಲಿ ಕೂತು ಕಾಲನ್ನು ಮುಂದೆ ಇಳಿಬಿಡುವುದು ಅಥವಾ ಕಟ್ಟಿಕೊಳ್ಳುವುದು. ಪೋಲಿಯೊದಿಂದ ಮೊಣಕಾಲು ಸೆಟೆದವರಿಗೆ, ಕಾಲಿನ ಚರ್ಮ ಸೂಕ್ಷ್ಮವಾಗಿರುವವರಿಗೆ ಇದೇ ಸರಿ. ಚಾಂಪಿಯನ್ನರೆಲ್ಲ ಮೊಣಕಾಲೂರಿಯೇ ಕೂರುತ್ತಾರೆ ಎಂದು ನಿಮ್ಮ ಕಾಲಿಗೆ ಹಿಂಸೆ ಕೊಡಬೇಡಿ.

ಅಳತೆ ಸರಿಯಿದೆಯೇ ಎಂದು ನೋಡುವ ಬಗೆಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಎಲ್ಲರೂ ಎಡವುವುದು ಇಲ್ಲೇ. ನೀವು ಕೂತ ಮೇಲೆ ಯಾರಾದರೂ ಫ್ರೇಮ್ ಹಿಡಿದು ಅಕ್ಕಪಕ್ಕ ಅಲುಗಿಸಲಿ. ಚೇರ್ ಮತ್ತು ಸೊಂಟ ಒಟ್ಟಿಗೇ ಅಲುಗಬೇಕು. ಸೊಂಟ ಒಂದು ಕಡೆ, ಚೇರ್ ಒಂದು ಕಡೆ ಹೋದರೆ ಸೀಟು ಅಗಲ ಹೆಚ್ಚಾಯಿತು. ನೀವು ಹಾಕುವ ಬಲದಲ್ಲಿ ಒಂದು ಪಾಲು ಆ ಸಂದಿನಲ್ಲೇ ವ್ಯರ್ಥ. ದಿನಬಳಕೆಯ ವೀಲ್‌ಚೇರ್ ಅಗಲವಿದ್ದಷ್ಟೂ ಆರಾಮ ಎಂದು ನಂಬಿದವರಿಗೆ ಇಷ್ಟು ಬಿಗಿ ಮೊದಲು ದಿಗಿಲು ಹುಟ್ಟಿಸುತ್ತದೆ. ಬಿಗಿಯಿರಲಿ, ಆದರೆ ಚರ್ಮ ಎಲ್ಲಿಯೂ ಮಡಚಿ ಸಿಕ್ಕಿಕೊಳ್ಳಬಾರದು, ಪಟ್ಟಿ ಕಟ್ಟಿದ ಮೇಲೂ ತುಂಬು ಉಸಿರು ಎಳೆಯಲು ಆಗಬೇಕು. ಆಮೇಲೆ ಬಾಗಿ, ಕೈ ಇಳಿಬಿಟ್ಟು ನೋಡಿ. ಮೊಣಕೈ ತುಸು ಮಡಚಿಕೊಂಡಿರುವಾಗಲೇ ಮುಷ್ಟಿ ರಿಮ್ಮಿನ ತಳ ಮುಟ್ಟಬೇಕು. ಮುಟ್ಟದಿದ್ದರೆ ಸೀಟು ಎತ್ತರವಾಯಿತು. ತೋಳು ಟೈರಿಗೆ ಉಜ್ಜುತ್ತಿದ್ದರೆ ಸೀಟು ತಗ್ಗಾಯಿತು, ಇಲ್ಲವೇ ಗಾಲಿಗಳ ವಾಲು ಸಾಲದು. ರೇಸಿಂಗ್ ಚೇರ್‌ನ ಗಾಲಿಗಳು ಮೇಲೆ ಒಳಕ್ಕೆ, ಕೆಳಗೆ ಹೊರಕ್ಕೆ ವಾಲಿರುತ್ತವೆ. ತೋಳಿಗೆ ಜಾಗ ಸಿಗಲಿ, ತಿರುವಿನಲ್ಲಿ ಚೇರ್ ಮಗುಚದಿರಲಿ ಎಂದು. ಕೊನೆಯದಾಗಿ, ನಿಂತಲ್ಲಿಂದ ಜೋರಾಗಿ ಒಂದು ಹೊಡೆತ ಹೊಡೆಯಿರಿ. ಮುಂದಿನ ಗಾಲಿ ನೆಲ ಬಿಟ್ಟು ಮೇಲೆದ್ದರೆ ನಿಮ್ಮ ಭಾರ ಹಿಂದಾಯಿತು ಎಂದು ಅರ್ಥ.

ಮಕ್ಕಳಿಗೆ ‘ಬೆಳೆಯುತ್ತಾನೆ ಬಿಡಿ’ ಎಂದು ಒಂದು ಅಳತೆ ದೊಡ್ಡದನ್ನು ತರುವ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಸೀಟನ್ನೂ ಕಾಲುತಟ್ಟೆಯನ್ನೂ ಹೊಂದಿಸಬಹುದಾದ ಚೇರ್‌ಗಳಿವೆ, ಅಂಥದ್ದನ್ನೇ ಹುಡುಕಬೇಕು. ಬೆಳೆಯುವ ಮಗುವಿಗೆ ಕಾರ್ಬನ್ ಫೈಬರ್ ಚೇರ್ ಕೊಡಿಸುವುದು ನನ್ನ ಪ್ರಕಾರ ದುಡ್ಡು ಹಾಳು.

ರಿಮ್ ಸಾಮಾನ್ಯವಾಗಿ 14ರಿಂದ 16 ಇಂಚು ವ್ಯಾಸದ್ದು. ದೊಡ್ಡ ರಿಮ್ಮಿನಲ್ಲಿ ಚೇರ್ ಬೇಗ ಹೊರಡುತ್ತದೆ. ಸಣ್ಣದರಲ್ಲಿ ಹೊರಡುವುದು ಕಷ್ಟ, ಆದರೆ ವೇಗ ಬಂದ ಮೇಲೆ ಕೈ ಹಿಂದೆ ಬೀಳುವುದಿಲ್ಲ. ಹೊಸಬರು ದೊಡ್ಡದರಿಂದಲೇ ಶುರು ಮಾಡಲಿ.

ತಳ್ಳುವುದು ಎನ್ನುತ್ತೇವಾದರೂ ರಿಮ್ಮನ್ನು ಹಿಡಿದು ತಳ್ಳುವಂತಿಲ್ಲ. ಬಲಗಡೆಯಿಂದ ನೋಡುವವರಿಗೆ ಗಾಲಿಯನ್ನು ಗಡಿಯಾರವೆಂದುಕೊಳ್ಳಿ: ಒಂದೆರಡು ಗಂಟೆಯ ಜಾಗದಲ್ಲಿ ಮುಷ್ಟಿ ರಿಮ್ಮಿಗೆ ಗುದ್ದಬೇಕು, ಅಲ್ಲಿಂದ ತಳದವರೆಗೆ, ಆರೇಳು ಗಂಟೆಯ ಜಾಗದವರೆಗೆ ಒತ್ತಿಕೊಂಡೇ ಹೋಗಿ, ಅಲ್ಲಿ ಮಣಿಕಟ್ಟಿನಿಂದ ಝಾಡಿಸಿ ಬಿಡಬೇಕು. ಆ ಝಾಡಿಕೆಯಲ್ಲೇ ಮೊಣಕೈ ಹಿಂದಕ್ಕೆ ಮೇಲಕ್ಕೆ ಏಳುತ್ತದೆ, ಮತ್ತೆ ಗುದ್ದಲು ಸಿದ್ಧವಾಗುತ್ತದೆ. ಜೋಳದ ರೊಟ್ಟಿ ಬಡಿಯುವವರ ಕೈ ಹಿಟ್ಟಿಗೆ ತಗಲಿದಷ್ಟೇ ಬೇಗ ಬಿಟ್ಟುಕೊಂಡು ಏಳುವಂತೆ ಈ ಕೈಯೂ ರಿಮ್ಮಿನಿಂದ ಏಳಬೇಕು. ಪ್ರಗತಿ ಅಳೆಯಲು ಸ್ಟಾಪ್‌ವಾಚ್ ಒಂದೇ ಸಾಲದು, ನೂರು ಮೀಟರಿಗೆ ಎಷ್ಟು ಹೊಡೆತ ಬಿತ್ತು ಎಂದೂ ಎಣಿಸಿ. ಅದೇ ಸಮಯದಲ್ಲಿ ಎಣಿಕೆ ಇಳಿಯುತ್ತಿದ್ದರೆ ಕೈ ಪಳಗುತ್ತಿದೆ.

ಟ್ರ್ಯಾಕಿನ ತಿರುವಿನಲ್ಲಿ ಎರಡೂ ಕೈ ಕೆಲಸದಲ್ಲಿರುವಾಗ ಹ್ಯಾಂಡಲ್ ಹಿಡಿಯುವವರು ಯಾರು? ಅದಕ್ಕೇ ಕಾಂಪೆನ್ಸೇಟರ್ ಎಂಬ ಸಣ್ಣ ಲಿವರ್ ಇದೆ. ತಿರುವು ಶುರುವಾಗುವಲ್ಲಿ ಅದನ್ನು ಒಮ್ಮೆ ತಟ್ಟಿದರೆ ಮುಂದಿನ ಗಾಲಿ ಮೊದಲೇ ಹೊಂದಿಸಿಟ್ಟಷ್ಟು ಎಡಕ್ಕೆ ತಿರುಗಿ ನಿಲ್ಲುತ್ತದೆ; ನೇರ ದಾರಿ ಬಂದಾಗ ಮತ್ತೆ ತಟ್ಟಿದರೆ ನೇರವಾಗುತ್ತದೆ. ಹೊಂದಿಸುವುದಕ್ಕೆ ತಾಳ್ಮೆ ಬೇಕು. ತಿರುವಿನ ಬಾಯಲ್ಲಿ ಚೇರ್ ನಿಲ್ಲಿಸಿ, ಲಿವರ್ ತಟ್ಟಿ, ನಿಧಾನಕ್ಕೆ ಉರುಳಿಸಿ, ಚೇರ್ ಲೇನಿನ ಗೆರೆಯ ಜೊತೆಗೇ ಬರುತ್ತದೆಯೇ ನೋಡಿ. ಹೊರಕ್ಕೆ ಸರಿದರೆ ಸ್ಕ್ರೂವನ್ನು ತುಸು ತಿರುಗಿಸಿ, ಮತ್ತೆ ಉರುಳಿಸಿ. ಒಂದನೇ ಲೇನಿನ ತಿರುವಿಗೂ ಎಂಟನೆಯದಕ್ಕೂ ವ್ಯತ್ಯಾಸವಿರುವುದರಿಂದ ಲೇನ್ ಬದಲಾದಾಗಲೆಲ್ಲ ಇದನ್ನು ಮತ್ತೆ ನೋಡಿಕೊಳ್ಳಬೇಕು.

ರಿಪೇರಿಗೆ ಹೆದರಬೇಡಿ. ಬ್ರೇಕು, ಟೈರು, ಕಡ್ಡಿ, ಬೇರಿಂಗು ಎಲ್ಲವೂ ಹೆಚ್ಚುಕಡಿಮೆ ಸೈಕಲ್ಲಿನವೇ. ರೋಡ್ ಬೈಕ್ ಮಾರುವ ಅಂಗಡಿಯ ಮೆಕ್ಯಾನಿಕ್ಕನ್ನು ಪರಿಚಯ ಮಾಡಿಕೊಳ್ಳಿ. ಟೈರಿನ ಗಾಳಿ ನೂರು ಪಿಎಸ್‌ಐ ಮೀರಿರುವುದು ಸಾಮಾನ್ಯ, ಆದ್ದರಿಂದ ಮೀಟರ್ ಇರುವ ಒಳ್ಳೆಯ ಪಂಪು ಸ್ವಂತಕ್ಕಿರಲಿ.

ಹೆಲ್ಮೆಟ್ 800 ಮೀಟರ್ ಮತ್ತು ಅದಕ್ಕಿಂತ ಉದ್ದದ ಓಟಗಳಿಗೆ, ರಿಲೇಗೆ, ರಸ್ತೆ ಓಟಕ್ಕೆ ಕಡ್ಡಾಯ. ಅಭ್ಯಾಸದಲ್ಲಿ ಎಲ್ಲ ದೂರಕ್ಕೂ ಹಾಕಿಕೊಳ್ಳಿ. ನಮ್ಮ ರಸ್ತೆಗಳ ಹಂಪು, ಗುಂಡಿಗಳಿಗೆ ಈ ಚೇರ್ ತೀರಾ ತಗ್ಗು, ಬಸ್ಸು ಲಾರಿಯವರ ಕಣ್ಣಿಗೆ ಬೀಳುವುದೂ ಇಲ್ಲ. ಸಿಂಥೆಟಿಕ್ ಟ್ರ್ಯಾಕ್ ಸಿಗುವ ಕಡೆ, ಉದಾಹರಣೆಗೆ ಬೆಂಗಳೂರಿನ ಕಂಠೀರವ, ಮಂಗಳೂರಿನ ಮಂಗಳಾ ಕ್ರೀಡಾಂಗಣ, ಮೂಡುಬಿದಿರೆಯ ಸ್ವರಾಜ್ ಮೈದಾನದಂಥ ಜಾಗಗಳಲ್ಲಿ, ಅನುಮತಿ ಕೇಳಿ. ಅದಿಲ್ಲದಿದ್ದರೆ ಕಾಲೇಜಿನ ಆವರಣದ ಒಳರಸ್ತೆ, ಬೆಳಗಿನ ಜಾವ.

ಬೆನ್ನುಹುರಿಗೆ ಪೆಟ್ಟಾದವರಿಗೆ ಮೂರು ಎಚ್ಚರಿಕೆ. ಸ್ಪರ್ಶವಿಲ್ಲದ ಕಾಲನ್ನು ಮಡಚಿ ಕೂತಾಗ ಹುಣ್ಣಾಗುತ್ತಿರುವುದು ತಿಳಿಯುವುದಿಲ್ಲ. ಪ್ರತಿ ಅಭ್ಯಾಸದ ನಂತರ ಮೊಣಕಾಲು, ಕಣಕಾಲು, ಕುಂಡಿಯ ಚರ್ಮವನ್ನು ಕನ್ನಡಿ ಹಿಡಿದಾದರೂ ನೋಡಿಕೊಳ್ಳಿ. ಕೆಂಪು ಗುರುತು ಅರ್ಧ ಗಂಟೆಯಾದರೂ ಮಾಸದಿದ್ದರೆ ಅದು ಪೂರ್ತಿ ಹೋಗುವವರೆಗೆ ಚೇರ್ ಮುಟ್ಟಬೇಡಿ. ಎರಡನೆಯದು ಬಿಸಿಲು. ಪೆಟ್ಟು ಎದೆಯ ನಡುಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲಿದ್ದರೆ ಮೈ ಸರಿಯಾಗಿ ಬೆವರುವುದಿಲ್ಲ, ಒಳಗಿನ ಶಾಖ ಹೊರಹೋಗುವುದಿಲ್ಲ. ಕಲಬುರಗಿ, ರಾಯಚೂರಿನ ಕಡೆಯವರು ಬೇಸಗೆಯಲ್ಲಿ ಸೂರ್ಯ ಏರುವ ಮುಂಚೆಯೇ ಮುಗಿಸಬೇಕು. ಮುಖ, ಕತ್ತಿಗೆ ನೀರು ಚಿಮುಕಿಸಿಕೊಳ್ಳುತ್ತಿರಬೇಕು. ಮೂರನೆಯದು, ಪೆಟ್ಟು ಇಷ್ಟು ಮೇಲಿರುವವರಿಗೆ ಅಭ್ಯಾಸದ ನಡುವೆ ತಲೆ ಸಿಡಿಯುವಂತಾಗಿ ಮುಖ ಕೆಂಪೇರಿದರೆ ಕೂಡಲೇ ನೆಟ್ಟಗೆ ಕೂರಿಸಿ, ಪಟ್ಟಿಗಳನ್ನು ಸಡಿಲಿಸಿ, ಮೂತ್ರದ ಕೊಳವೆ ಮಡಚಿದೆಯೇ ನೋಡಿ, ವೈದ್ಯರಿಗೆ ತೋರಿಸಿ. ರಕ್ತದೊತ್ತಡ ಅಪಾಯದ ಮಟ್ಟಕ್ಕೆ ಏರಿರುವ ಲಕ್ಷಣ ಅದು.

ಇಷ್ಟು ಓದಿದ ಮೇಲೆ, ಎರವಲು ಚೇರ್ ಎಲ್ಲಿ ಸಿಗುತ್ತದೆ ಎಂದು ನೀವು ಕೇಳುತ್ತೀರಿ. ಸಿಗುವುದು ಕಷ್ಟ ಎಂಬುದೇ ನಮ್ಮ ನಿಜವಾದ ತೊಂದರೆ. ಮೊದಲು ನಿಮ್ಮ ಹತ್ತಿರದ ಪ್ಯಾರಾ ಅಥ್ಲೀಟ್‌ಗಳನ್ನು ವಿಚಾರಿಸಿ. ಹೊಸ ಚೇರ್ ಬಂದ ಮೇಲೆ ಹಳೆಯದನ್ನು ಮೂಲೆಗಿಟ್ಟವರು ಇದ್ದೇ ಇರುತ್ತಾರೆ. ಅಂಗವಿಕಲರ ಹಕ್ಕುಗಳ ಕಾಯ್ದೆ, 2016ರ 30ನೇ ಸೆಕ್ಷನ್ ಕ್ರೀಡೆಯಲ್ಲಿ ಭಾಗವಹಿಸುವುದಕ್ಕೆ ಬೇಕಾದ ಕ್ರಮ ಕೈಗೊಳ್ಳುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಿದೆ. ಅರ್ಜಿ ಬರೆಯುವಾಗ ಅದನ್ನು ಉಲ್ಲೇಖಿಸಿ. ಪ್ರತಿ ವರ್ಷ ಸಮಾರಂಭ ಮಾಡಿ ವೀಲ್‌ಚೇರ್ ಹಂಚುವ ಸಂಘ ಸಂಸ್ಥೆಗಳಲ್ಲಿ ನನ್ನದೊಂದು ಬೇಡಿಕೆ: ಒಂದು ವರ್ಷದ ಹಣದಲ್ಲಿ ಹೊಂದಿಸಬಹುದಾದ ಎರಡು ರೇಸಿಂಗ್ ಚೇರ್, ನಾಲ್ಕಾರು ಜೊತೆ ಗ್ಲೌಸ್ ಕೊಂಡು ನಿಮ್ಮ ಜಿಲ್ಲಾ ಕ್ರೀಡಾಂಗಣದಲ್ಲಿಡಿ. ಬೀಗದ ಕೈಯನ್ನು ಬೆಳಿಗ್ಗೆ ಐದಕ್ಕೆ ಬಂದು ತೆರೆಯುವವರ ಕೈಗೆ ಕೊಡಿ.