ಕಡತ ಯಾರ ಮೇಜಿನ ಮೇಲಿದೆ?

ಸರ್ಕಾರಿ ರಸ್ತೆ ಕಾಮಗಾರಿಗಳ ಉಸ್ತುವಾರಿಯಲ್ಲೇ ನನ್ನ ನೌಕರಿಯ ಬಹುಪಾಲು ಕಳೆಯಿತು. ಕೆಲಸ ತಡವಾದರೆ ಜನ ಮೊದಲು ಗುತ್ತಿಗೆದಾರನನ್ನು ಬೈಯುತ್ತಾರೆ, ಆಮೇಲೆ ಟೆಂಡರನ್ನು. ಟೆಂಡರಿಗೆ ಹಿಡಿಯುವ ಕಾಲ ಎಲ್ಲರಿಗೂ ಮೊದಲೇ ಗೊತ್ತಿರುತ್ತದೆ. 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆಯಡಿ, ನಾನಿದ್ದಾಗಿನ ನಿಯಮದಂತೆ, 2 ಕೋಟಿ ರೂಪಾಯಿವರೆಗಿನ ಕಾಮಗಾರಿಗೆ ಬಿಡ್ ಸಲ್ಲಿಸಲು ಕನಿಷ್ಠ 30 ದಿನ, ಅದಕ್ಕೂ ಮೇಲ್ಪಟ್ಟರೆ 60 ದಿನ. ಗೊತ್ತಿರುವ ದಿನಗಳಿಗೆ ತಯಾರಿ ಮಾಡಿಕೊಳ್ಳಬಹುದು. ಯಾರ ಲೆಕ್ಕಕ್ಕೂ ಸಿಗದ ದಿನಗಳೇ ಕೆಲಸ ಕೆಡಿಸುವುದು.

ಪೇಟೆಯ ರಸ್ತೆ ಅಗಲ ಮಾಡುವುದನ್ನೇ ನೋಡಿ. ಕಾರ್ಯಾದೇಶ ಕೊಟ್ಟಾಗಿದೆ, ಜೆಸಿಬಿ ಬಂದು ನಿಂತಿದೆ, ವಿದ್ಯುತ್ ಕಂಬ ಮಾತ್ರ ಇದ್ದಲ್ಲೇ ಇದೆ. ಸರಿಸಿಕೊಡಿ ಎಂದು ವಿದ್ಯುತ್ ಕಂಪನಿಗೆ ಬರೆದರೆ ಅವರು ಅಂದಾಜು ಪಟ್ಟಿ ಕಳಿಸಿ ಮೊದಲು ಹಣ ಕಟ್ಟಿ ಎನ್ನುತ್ತಾರೆ. ನಮ್ಮ ಅಂದಾಜಿನಲ್ಲಿ ಅದಕ್ಕೆ ಹಣವೇ ಇಟ್ಟಿರುವುದಿಲ್ಲ. ಪರಿಷ್ಕೃತ ಅಂದಾಜು ಮೇಲಕ್ಕೆ ಹೋಗುತ್ತದೆ, ಆಕ್ಷೇಪಣೆ ಹೊತ್ತು ಕೆಳಗೆ ಬರುತ್ತದೆ. ಅಷ್ಟರಲ್ಲಿ ಮಳೆಗಾಲ. ಗುತ್ತಿಗೆದಾರ ಯಂತ್ರಗಳನ್ನು ಬೇರೆ ಊರಿಗೆ ಸಾಗಿಸಿರುತ್ತಾನೆ.

ಅದಕ್ಕೇ ಅಂದಾಜು ಬರೆಯುವ ಮೊದಲೇ ಲೈನ್‌ಮನ್ ಮತ್ತು ನೀರುಗಂಟಿಯನ್ನು ಕರೆದುಕೊಂಡು ರಸ್ತೆಯುದ್ದಕ್ಕೂ ನಡೆಯುವುದನ್ನು ರೂಢಿ ಮಾಡಿಕೊಂಡೆವು. ನಕ್ಷೆಯಲ್ಲಿ ನೇರವಾಗಿ ಎಳೆದ ಪೈಪನ್ನು ನೀರುಗಂಟಿ ಕಾಲಿನಿಂದ ನೆಲ ತಟ್ಟಿ ತೋರಿಸುತ್ತಿದ್ದ: “ಇಲ್ಲಿ ತಿರುಗುತ್ತೆ ಸಾರ್, ಆ ಅಂಗಡಿ ಮೆಟ್ಲು ಕೆಳಗೆ ಹೋಗುತ್ತೆ. ವಾಲ್ವ್ ಅಲ್ಲೇ ಇದೆ.” ಆ ಮಾತು ಅಂದಾಜಿಗೆ ಸೇರಿದರೆ ಮುಂದಿನ ಒಂದು ಪರಿಷ್ಕೃತ ಅಂದಾಜು ತಪ್ಪಿದಂತೆಯೇ. ಇಂಥವರ ತಿಳಿವಳಿಕೆಗೆ ನಮ್ಮ ಕಚೇರಿಗಳಲ್ಲಿ ಜಾಗವಿಲ್ಲ ಎಂಬ ಸಂಕಟ ನನಗೆ ಇಂದಿಗೂ ಇದೆ.

ಎರಡನೆಯದು, ಪ್ರಗತಿ ವರದಿ. ಅನುದಾನ ಎಷ್ಟು, ಖರ್ಚು ಎಷ್ಟು, ಶೇಕಡಾ ಎಷ್ಟು ಎಂಬ ಅಂಕಣಗಳು ಅದರಲ್ಲಿರುತ್ತಿದ್ದವು. ಶೇ 40 ಎಂದು ನೋಡಿದ ಅಧಿಕಾರಿಗೆ ತಾನು ಯಾರಿಗೆ ಫೋನ್ ಮಾಡಬೇಕೆಂದು ತಿಳಿಯುವುದಿಲ್ಲ. ಕಡತ ಈಗ ಯಾರ ಬಳಿ ಇದೆ, ಯಾವ ತಾರೀಕಿನಿಂದ ಇದೆ ಎಂದು ಎರಡು ಅಂಕಣ ಸೇರಿಸಿದೆವು. ವಿಷಯ ನಿರ್ವಾಹಕರಿಂದ ಹಿಡಿದು ಮೇಲಧಿಕಾರಿಯವರೆಗೆ ಯಾರಿಗೂ ತಮ್ಮ ಹುದ್ದೆಯ ಹೆಸರಿನ ಮುಂದೆ ಹಳೆಯ ತಾರೀಕು ಉಳಿಯುವುದು ಬೇಕಿರಲಿಲ್ಲ. ಗದರಿಸುವ ಪ್ರಮೇಯವೇ ಬರಲಿಲ್ಲ, ಕಡತಗಳು ಹೊರಟವು.

ನಾಗರಿಕರ ಅರ್ಜಿಗೆ ಈ ಶಿಸ್ತು ಆಗಲೇ ಇದೆ. 2012ರ ಏಪ್ರಿಲ್ 2ರಿಂದ ರಾಜ್ಯದಾದ್ಯಂತ ಜಾರಿಯಾದ ‘ಸಕಾಲ’ ಯೋಜನೆಯಲ್ಲಿ ಪ್ರತಿ ಅರ್ಜಿಗೂ ಸಂಖ್ಯೆಯುಂಟು, ಗಡುವುಂಟು. ಗಡುವು ಮೀರಿದರೆ ಅರ್ಜಿದಾರರು ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಕೇಳಬಹುದು. ಒಂದು ಇಲಾಖೆ ಇನ್ನೊಂದಕ್ಕೆ ಬರೆದ ಪತ್ರಕ್ಕೂ ಅಂಥದೇ ಸಂಖ್ಯೆ, ಅಂಥದೇ ಗಡುವು ಬೇಕು. ಎಲ್ಲದಕ್ಕೂ ಒಮ್ಮೆಲೇ ಬೇಡ. ಯಾವುದಾದರೂ ಒಂದು ಜಿಲ್ಲೆಯಲ್ಲಿ ಕಂಬ, ಪೈಪು, ಮರ ಈ ಮೂರಕ್ಕೆ ಮಾತ್ರ ಮುಂದಿನ ಆರ್ಥಿಕ ವರ್ಷದಿಂದ ಜಾರಿ ಮಾಡಿ ನೋಡಲಿ.