ಅಂಗಳದ ಡೊಳ್ಳು, ಧ್ವನಿಮುದ್ರಣದ ಡೊಳ್ಳು



ಹೋದ ವರ್ಷದ ನಮ್ಮ ಸ್ನೇಹಸಮ್ಮೇಳನ ನಿಮಗೆ ನೆನಪಿರಬೇಕು. ಹತ್ತನೆಯ ವರ್ಗದ ಹುಡುಗರು ಬೀರಪ್ಪನ ಡೊಳ್ಳಿನ ಪದ ಹಾಡಿದರು. ಮೈದಾನದಲ್ಲಿ ಕುಳಿತ ಪಾಲಕರು ತಲೆದೂಗಿದರು. ನಾಲ್ಕು ದಿನ ಬಿಟ್ಟು ಅದರ ಮುದ್ರಣವನ್ನು ಮೊಬೈಲಿನಲ್ಲಿ ಕೇಳಿದರೆ ಪದದ ಒಂದು ಶಬ್ದವೂ ತಿಳಿಯಲೊಲ್ಲದು. ಅರಿವೆ ಹರಿದಂತೆ ಬರೀ ‘ಪರ್ ಪರ್’ ಸಪ್ಪಳ. “ಗುರುಗಳ, ನಾ ಚೊಲೊ ಬಾರಿಸಲಿಲ್ಲೇನ್ರಿ?” ಎಂದು ಡೊಳ್ಳಿನ ಹುಡುಗ ಮುಖ ಸಣ್ಣದು ಮಾಡಿದ. ತಪ್ಪು ಅವನದಾಗಿರಲಿಲ್ಲ. ಮೊಬೈಲನ್ನು ಡೊಳ್ಳಿನಿಂದ ಒಂದು ಮೊಳದ ಅಂತರದಲ್ಲಿ ಇರಿಸಿದವನು ನಾನು! ಅಂದು ಅವನಿಗೆ ಸರಿಯಾದ ಉತ್ತರ ಕೊಡಲಾಗಲಿಲ್ಲ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಡೊಳ್ಳು ಬಯಲಿಗಾಗಿ ಹುಟ್ಟಿದ ವಾದ್ಯ. ಕಟ್ಟಿಗೆಯ ದೊಡ್ಡ ಕಳಸಿಗೆಗೆ ಎರಡೂ ಬದಿಗೆ ಚರ್ಮ ಬಿಗಿದಿರುತ್ತಾರೆ. ಒಂದು ಬದಿಗೆ ಕೋಲು, ಇನ್ನೊಂದು ಬದಿಗೆ ಅಂಗೈ. ಗುಡಿಯ ಮುಂದೆ ಬಾರಿಸಿದರೆ ತೋಟದ ಮನೆಯವರಿಗೂ ಕೇಳಿಸಬೇಕು. ಅದೇ ಅದರ ಕೆಲಸ. ಪದ ಹಾಡುವಾಗ ಅದು ತಗ್ಗಿ ನಡೆಯುತ್ತದೆ, ನುಡಿ ಮುಗಿಯುತ್ತಲೇ ಏರಿ ಓಡುತ್ತದೆ.

ಬಯಲಿನಲ್ಲಿ ಬಾರಿಸುವದು ಸುಲಭವೆಂದಲ್ಲ. ನಮ್ಮ ಜತ್ತ ತಾಲೂಕು ಮಳೆ ಕಡಿಮೆಯ ಸೀಮೆ. ಆದರೂ ದೀಪಾವಳಿಯ ಹೊತ್ತಿಗೆ ಬೆಳಗಿನ ಜಾವ ಇಬ್ಬನಿ ಬೀಳುತ್ತದೆ. ಸಂಜೆ ಬಿಗಿದ ಚರ್ಮ ಥಂಡಿಗೆ ಸಡಿಲಾಗಿ ‘ಢಂ’ ಎನ್ನುವದು ‘ಧಪ್’ ಎನ್ನತೊಡಗುತ್ತದೆ. ಆಗ ಬೆಂಕಿಯ ಕಾವು ತೋರಿಸಬೇಕು. ಇನ್ನೊಂದು ತೊಡಕು ನಿಮ್ಮ ವಿಜ್ಞಾನ ಪಾಠದಲ್ಲಿಯೇ ಇದೆ. ನೆರೆಯ ಮಂಗಳವೇಢೆ ತಾಲೂಕಿನ ಹುಲಜಂತಿಯಲ್ಲಿ ಮಹಾಲಿಂಗರಾಯನ ಜಾತ್ರೆಗೆ ದೀಪಾವಳಿಯಲ್ಲಿ ಪಲ್ಲಕ್ಕಿಗಳು ಕೂಡುತ್ತವೆ, ಸಾಲು ಸಾಲು ಡೊಳ್ಳುಗಳು ಬರುತ್ತವೆ. ಧ್ವನಿಯ ವೇಗ ಸೆಕೆಂಡಿಗೆ ಸುಮಾರು ೩೪೦ ಮೀಟರ್. ೩೪ ಮೀಟರ್ ಹಿಂದೆ ನಿಂತವನಿಗೆ ಮುಂದಿನವನ ಪೆಟ್ಟು ಸೆಕೆಂಡಿನ ಹತ್ತನೆಯ ಒಂದು ಭಾಗ ತಡವಾಗಿ ಮುಟ್ಟುತ್ತದೆ. ಸೆಕೆಂಡಿಗೆ ನಾಲ್ಕು ಪೆಟ್ಟಿನ ನಡೆಯಲ್ಲಿ ೮೫ ಮೀಟರ್ ದೂರದವನು ಪೂರಾ ಒಂದು ಪೆಟ್ಟು ಹಿಂದೆ! ಆದ್ದರಿಂದ ಬಲ್ಲವರು ಕಿವಿಯನ್ನು ನಂಬದೆ ಮುಂದಿನವನ ಕೋಲನ್ನು ನೋಡಿ ಬಾರಿಸುತ್ತಾರೆ.

ಇನ್ನು ಮುದ್ರಣದ ಮಾತು. ೧೯೦೨ರಲ್ಲಿ ಕಲಕತ್ತೆಯಲ್ಲಿ ಗೌಹರ್ ಜಾನ್ ಹಾಡಿದಾಗ ವಿದ್ಯುತ್ತಿನ ಮೈಕು ಇರಲಿಲ್ಲ. ಒಂದು ಕಹಳೆಯ ಬಾಯಿಗೆ ಹಾಡಬೇಕು; ಆ ಧ್ವನಿಯ ಒತ್ತಡದಿಂದಲೇ ಸೂಜಿ ಮೇಣದ ಮೇಲೆ ಗೀರುವದು. ದೊಡ್ಡ ಚರ್ಮವಾದ್ಯವನ್ನು ಹತ್ತಿರ ಬಾರಿಸಿದರೆ ಸೂಜಿಯೇ ಹಾರುವ ಭಯ. ಹಾಗಾಗಿ ಅದನ್ನು ದೂರ ಸರಿಸುತ್ತಿದ್ದರು, ಇಲ್ಲವೆ ಹೊರಗೇ ಇಡುತ್ತಿದ್ದರು. ತಟ್ಟೆಯ ಒಂದು ಬದಿಗೆ ಸಿಗುವದು ಸುಮಾರು ಮೂರು ನಿಮಿಷ. ೧೯೨೫ರ ಸುಮಾರಿಗೆ ಮೈಕು ಬಂದಿತು, ಮುಂದೆ ಕ್ಯಾಸೆಟ್ಟು ಬಂದಿತು. ೬೦ ನಿಮಿಷದ ಕ್ಯಾಸೆಟ್ಟಿಗೆ ಒಂದು ಬದಿಗೆ ಅರ್ಧ ತಾಸು. ಎರಡು ಮೇಳದವರು ಸವಾಲು-ಜವಾಬು ಮಾಡುತ್ತ ಬೆಳಗು ಹರಿಸುವ ಪದವನ್ನು ಅರ್ಧ ತಾಸಿನಲ್ಲಿ ತುರುಕಬೇಕಾದಾಗ ಮೊದಲು ಕತ್ತರಿ ಬಿದ್ದದ್ದು ಡೊಳ್ಳಿನ ಓಟಕ್ಕೆ. ಇದು ನನಗೆ ಇಂದಿಗೂ ಮನಸ್ಸಿಗೆ ಹತ್ತುವ ಮಾತು.

ಇಂದಿನ ಮುದ್ರಣ ಕೋಣೆಯಲ್ಲಿ ತೊಂದರೆ ಬೇರೆ. ಗೋಡೆಗೆಲ್ಲ ಮೆತ್ತನೆಯ ಹೊದಿಕೆ, ಪ್ರತಿಧ್ವನಿ ಇಲ್ಲ, ‘ಭಲೆ’ ಎನ್ನುವ ಜನ ಇಲ್ಲ. ಅನೇಕ ಸಲ ಹಾಡುವವನೂ ಎದುರಿಗಿರುವದಿಲ್ಲ. ಕಿವಿಗೆ ಕಟ್ಟಿದ ಯಂತ್ರದಲ್ಲಿ ಗಡಿಯಾರದಂತೆ ‘ಟಿಕ್ ಟಿಕ್’ ಕೇಳುತ್ತಿರುತ್ತದೆ, ಅದನ್ನು ಬಿಟ್ಟು ಸರಿಯುವಂತಿಲ್ಲ. ನುಡಿಯ ಕೊನೆಗೆ ಓಡಬೇಕೆನ್ನುವ ಕೈಯನ್ನು ಕಟ್ಟಿಹಾಕಿದಂತೆ. ಮೊದಲು ಡೊಳ್ಳು, ಅದರ ಮೇಲೆ ತಾಳ, ಮತ್ತೆ ಅದೇ ಮನುಷ್ಯನದೇ ಎರಡನೆಯ ಡೊಳ್ಳು, ಹೀಗೆ ಪದರು ಪದರಾಗಿ ಕೂಡಿಸುತ್ತಾರೆ. ಕೇಳಲು ಇಂಪು. ಆದರೆ ಆ ಪದ ಮೊಬೈಲಿನಲ್ಲಿ ಊರೂರು ಹಬ್ಬಿದ ಮೇಲೆ ಜಾತ್ರೆಯಲ್ಲಿ ಜನ, “ಅದರಾಗ ಇದ್ದಂಗ ಬಾರಸ್ರಿ” ಎನ್ನುತ್ತಾರೆ. ಅವನಿಗಿರುವವು ಎರಡೇ ಕೈ! ಪಾಲಕರೇ, ಹೀಗೆ ಕೇಳುವ ಮೊದಲು ತುಸು ವಿಚಾರ ಮಾಡಿರಿ.

ನಮ್ಮ ಮುದ್ರಣ ಕೆಟ್ಟದ್ದೇಕೆ? ಮೊಬೈಲಿನ ಮೈಕಿಗೆ ತಡೆಯುವ ಶಕ್ತಿಗೆ ಮಿತಿಯಿದೆ. ಅದನ್ನು ಮೀರಿದ ಧ್ವನಿ ಒಡೆದುಹೋಗುತ್ತದೆ. ಬಯಲಿನಲ್ಲಿ ಅಂತರ ಎರಡು ಪಟ್ಟಾದರೆ ಧ್ವನಿಯ ತೀವ್ರತೆ ನಾಲ್ಕನೆಯ ಒಂದು ಪಾಲಾಗುತ್ತದೆ, ನಾಲ್ಕು ಪಟ್ಟಾದರೆ ಹದಿನಾರನೆಯ ಒಂದು ಪಾಲು. ಆದ್ದರಿಂದ ಈ ಸಲ ಮೊಬೈಲು ಹಾಡುವವರಿಂದ ಒಂದು ಮಾರು, ಡೊಳ್ಳಿನಿಂದ ನಾಲ್ಕು ಮಾರು ದೂರ ಇರುವದು. ಡೊಳ್ಳಿನವನಿಗೆ ಪದವೂ ಕೇಳಿಸುವದು, ಹಾಡುವವರ ತುಟಿಯೂ ಕಾಣಿಸುವದು. ಮೊದಲು ಎರಡು ನಿಮಿಷ ಮುದ್ರಿಸಿ, ಕೇಳಿ, ಬೇಕಾದರೆ ಇನ್ನಷ್ಟು ಸರಿಸೋಣ.

ಆ ಹುಡುಗ ಈಗ ಕಾಲೇಜಿಗೆ ಹೋಗಿದ್ದಾನೆ. ತಾಲೀಮಿಗೆ ಬಂದು ಕಲಿಸಿಕೊಡುತ್ತೇನೆಂದು ಹೇಳಿ ಕಳಿಸಿದ್ದಾನೆ. ಡೊಳ್ಳು ಅವರ ಮನೆಯದೇ.